ಸಣ್ಣ ದೋಣಿಗೆ ಭಾರವಾದ ಎಂಜಿನ್: ತೂಕ, ಸಮತೋಲ ಮತ್ತು ಸುರಕ್ಷತೆ

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ನಾಡದೋಣಿಗಳ ಎಂಜಿನ್‌ಗಳು ಬದಲಾಗುತ್ತಿರುವ ಕಾಲವಿದು. ದಶಕಗಳಿಂದ ಸೀಮೆಎಣ್ಣೆಯಲ್ಲಿ ಓಡುತ್ತಿದ್ದ ಎರಡು ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್‌ಗಳ ಸ್ಥಾನಕ್ಕೆ ಪೆಟ್ರೋಲ್ ಬಳಸುವ ನಾಲ್ಕು ಸ್ಟ್ರೋಕ್ ಎಂಜಿನ್‌ಗಳು ಬರುತ್ತಿವೆ. ಸೀಮೆಎಣ್ಣೆ ಸಕಾಲಕ್ಕೆ ಸಾಕಷ್ಟು ದೊರೆಯದಿರುವುದು ಮೀನುಗಾರರ ಹಳೆಯ ಅಹವಾಲು. ಸೀಮೆಎಣ್ಣೆ ಎಂಜಿನ್‌ಗಳನ್ನು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗಳಾಗಿ ಬದಲಾಯಿಸಿಕೊಳ್ಳಲು ತಲಾ 50,000 ರೂಪಾಯಿ ಸಹಾಯಧನ ನೀಡುವುದಾಗಿ 2023-24ರ ರಾಜ್ಯ ಆಯವ್ಯಯದಲ್ಲಿ ಪ್ರಕಟಿಸಲಾಯಿತು. ಬದಲಾವಣೆ ಅಗತ್ಯವಾದುದೇ. ಆದರೆ ಹಳೆಯ ಎಂಜಿನ್ ಕಳಚಿ ಹೊಸದನ್ನು ಕೂರಿಸುವಾಗ ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಎಷ್ಟು ಅಶ್ವಶಕ್ತಿ? ಎಷ್ಟು ಕಿಲೋ, ಆ ಕಿಲೋಗಳು ದೋಣಿಯ ಯಾವ ಜಾಗದಲ್ಲಿ ಕೂರುತ್ತವೆ ಎಂಬುದನ್ನು ಕೇಳುವವರು ವಿರಳ. ದೋಣಿಯ ಸುರಕ್ಷತೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ.

ಬೈತಖೋಲದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಬೈತಖೋಲ ಮೀನುಗಾರಿಕಾ ಬಂದರು ಗುಡ್ಡದ ಮರೆಯಲ್ಲಿರುವ ಶಾಂತ ನೀರಿನ ಕೊಲ್ಲಿ. ನೈಋತ್ಯದ ಅಲೆಗಳು ಇಲ್ಲಿಗೆ ನೇರವಾಗಿ ಬಡಿಯುವುದಿಲ್ಲ. ಧಕ್ಕೆಯ ಬಳಿ ನಿಂತ ದೋಣಿಯ ಹಿಂಭಾಗ ನಾಲ್ಕು ಬೆರಳು ಹೆಚ್ಚು ಮುಳುಗಿದ್ದರೂ ಅಲ್ಲಿ ಯಾವ ತೊಂದರೆಯೂ ಕಾಣುವುದಿಲ್ಲ. ಗುಡ್ಡದ ಮೂಲೆ ದಾಟಿ ಕೂರ್ಮಗಡ, ದೇವಗಡ ದ್ವೀಪಗಳ ಕಡೆಗಿನ ತೆರೆದ ನೀರಿಗೆ ಬಂದಾಗ, ಅಥವಾ ಕಾಳಿ ನದಿಯ ಅಳಿವೆಯಲ್ಲಿ ಇಳಿತದ ನೀರು ಗಾಳಿಗೆ ಎದುರಾಗಿ ಅಲೆಗಳು ಕಡಿದಾಗಿ ಎದ್ದಾಗ, ಆ ನಾಲ್ಕು ಬೆರಳಿನ ಲೆಕ್ಕ ಹೊರಬೀಳುತ್ತದೆ. ಅಂಕೋಲಾ ತಾಲ್ಲೂಕಿನ ಹಾರವಾಡ, ಬೇಲೆಕೇರಿ, ಕೇಣಿ ಮತ್ತು ಗಂಗಾವಳಿ ಅಳಿವೆಯ ಮಂಜಗುಣಿ ಭಾಗದ ಸಣ್ಣ ದೋಣಿಗಳ ಸ್ಥಿತಿಯೂ ಇದೇ. ಅಲ್ಲಿ ಅನೇಕ ದೋಣಿಗಳನ್ನು ಮರಳಿನ ದಂಡೆಗೇ ಎಳೆಯಬೇಕಾಗಿರುವುದರಿಂದ ಎಂಜಿನ್ನಿನ ತೂಕ ಸಮುದ್ರದಲ್ಲಿ ಮಾತ್ರವಲ್ಲದೆ ದಡದಲ್ಲಿಯೂ ಕಾಡುತ್ತದೆ.

ಎಂಜಿನ್ನಿಗೂ ದೋಣಿಗೂ ಹೊಂದಾಣಿಕೆ ಬೇಕೆಂಬುದು ಪಶ್ಚಿಮ ಕರಾವಳಿಗೆ ಹೊಸ ಪಾಠವಲ್ಲ. 1953ರಲ್ಲಿ ಕೇರಳದ ನೀಂಡಕರ ಪರಿಸರದಲ್ಲಿ ಆರಂಭವಾಗಿ 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿದ ಇಂಡೋ-ನಾರ್ವೇಜಿಯನ್ ಯೋಜನೆಯವರು ಮೊದಲು ಸ್ಥಳೀಯ ದೋಣಿಗಳಿಗೇ ಎಂಜಿನ್ ಅಳವಡಿಸಲು ಯತ್ನಿಸಿದರು. ಹುಟ್ಟು ಮತ್ತು ಹಾಯಿಗಾಗಿ ಕಟ್ಟಿದ ಆ ಒಡಲುಗಳು ಎಂಜಿನ್ನಿನ ಭಾರವನ್ನೂ ಅದುರನ್ನೂ ತಾಳುವ ರಚನೆಯವಲ್ಲವೆಂದು ಕಂಡುಬಂದ ಮೇಲೆ ಹೊಸ ವಿನ್ಯಾಸದ ದೋಣಿಗಳತ್ತ ತಿರುಗಿದರು. ಮುಂದೆ ಹಗುರವಾದ ಔಟ್‌ಬೋರ್ಡ್ ಎಂಜಿನ್ ಬಂದುದರಿಂದಲೇ ಪಾತಿದೋಣಿಯಂತಹ ಸಣ್ಣ ದೋಣಿಗಳಿಗೂ ಯಂತ್ರಬಲ ದಕ್ಕಿತು. ಅಂದರೆ ಔಟ್‌ಬೋರ್ಡ್ ಎಂಜಿನ್ನಿನ ದೊಡ್ಡ ಗುಣವೇ ಅದರ ಹಗುರತನ. ಆ ಗುಣವೇ ಈಗ ಕಡಿಮೆಯಾಗುತ್ತಿದೆ.

ತೂಕ ಎಷ್ಟು ಹೆಚ್ಚುತ್ತದೆ

ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಕವಾಟಗಳಿಲ್ಲ, ಕ್ಯಾಮ್ ಶಾಫ್ಟ್ ಇಲ್ಲ, ಪ್ರತ್ಯೇಕ ಎಣ್ಣೆ ತೊಟ್ಟಿಯಿಲ್ಲ. ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಇವೆಲ್ಲವೂ ಇರುವುದರಿಂದ ಅದೇ ಶಕ್ತಿಗೆ ತೂಕ ಹೆಚ್ಚು. 10 ಅಶ್ವಶಕ್ತಿಯ ಆಸುಪಾಸಿನ ಹಗುರ ಮಾದರಿಯ ಎರಡು ಸ್ಟ್ರೋಕ್ ಎಂಜಿನ್ ಸುಮಾರು 26 ಕಿಲೋ ಇದ್ದರೆ, ಅದೇ ವರ್ಗದ ನಾಲ್ಕು ಸ್ಟ್ರೋಕ್ ಎಂಜಿನ್ 37ರಿಂದ 40 ಕಿಲೋ ಇರುತ್ತದೆ. 15 ಅಶ್ವಶಕ್ತಿಯಲ್ಲಿ ಎರಡು ಸ್ಟ್ರೋಕಿನದು 36ರಿಂದ 41 ಕಿಲೋ, ನಾಲ್ಕು ಸ್ಟ್ರೋಕಿನದು 45ರಿಂದ 52 ಕಿಲೋ. 25 ಅಶ್ವಶಕ್ತಿಯ ನಾಲ್ಕು ಸ್ಟ್ರೋಕ್ ಎಂಜಿನ್ 60 ಕಿಲೋದ ಆಸುಪಾಸಿನಲ್ಲಿ, ಕೆಲವು ಮಾದರಿಗಳಲ್ಲಿ ಅದಕ್ಕಿಂತಲೂ ಮೇಲೆ ಇರುತ್ತದೆ. ಕೈಪಿಡಿಯಲ್ಲಿ ನಮೂದಿಸಿರುವುದು ಸಾಮಾನ್ಯವಾಗಿ ಒಣ ತೂಕ. ಎಂಜಿನ್ ಎಣ್ಣೆ ಅದರಲ್ಲಿ ಸೇರಿರುವುದಿಲ್ಲ, ಕೆಲವೊಮ್ಮೆ ಪ್ರೊಪೆಲ್ಲರ್, ಅಂದರೆ ಮೀನುಗಾರರು ಫ್ಯಾನ್ ಎನ್ನುವ ಭಾಗ, ಸಹ ಸೇರಿರುವುದಿಲ್ಲ. ಉದ್ದ ಶಾಫ್ಟಿನ ಮಾದರಿ ಗಿಡ್ಡ ಶಾಫ್ಟಿನದಕ್ಕಿಂತ ಒಂದೆರಡು ಕಿಲೋ ಹೆಚ್ಚು.

ಕೊಳ್ಳುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಅನೇಕ ತಯಾರಕರ 9.9 ಅಶ್ವಶಕ್ತಿಯ ಎಂಜಿನ್ನಿಗೂ 15 ಅಶ್ವಶಕ್ತಿಯ ಎಂಜಿನ್ನಿಗೂ ಒಡಲು ಒಂದೇ. ಶಕ್ತಿ ಕಡಿಮೆಯಾದರೂ ತೂಕ ಕಡಿಮೆಯಾಗಿರುವುದಿಲ್ಲ. ಮತ್ತೆ ಕೆಲವರು ಹತ್ತರ ಒಳಗಿನ ಅಶ್ವಶಕ್ತಿಗೆಂದೇ ಸಣ್ಣ ಒಡಲಿನ ಮಾದರಿಯನ್ನು ತಯಾರಿಸುತ್ತಾರೆ. ಹೆಸರಿಗೆ ಎರಡೂ ಒಂದೇ ವರ್ಗವಾದರೂ ತೂಕದಲ್ಲಿ ಹತ್ತು ಕಿಲೋದಷ್ಟು ಅಂತರವಿರಬಹುದು. ಎಂಜಿನ್ನಿನ ಮೇಲೆ ಅಂಟಿಸಿದ ಸಂಖ್ಯೆಯನ್ನು ನೋಡಿ ತೂಕವನ್ನು ಊಹಿಸುವುದು ಆದ್ದರಿಂದ ಸರಿಯಲ್ಲ. ತೂಕವನ್ನು ಕೇಳಿ, ಸಾಧ್ಯವಾದರೆ ಮೀನು ತೂಗುವ ತಕ್ಕಡಿಯಲ್ಲಿಟ್ಟೇ ತಿಳಿಯಬೇಕು.

ಸೀಮೆಎಣ್ಣೆಯಿಂದ ಪೆಟ್ರೋಲಿಗೆ ಬರುವವರಿಗೆ ಅನುಕೂಲವಾದ ಅಂಶಗಳೂ ಇವೆ. ಸೀಮೆಎಣ್ಣೆ ಬೇಗನೆ ಬಡಿತ ಕೊಡುವ ಇಂಧನವಾದ್ದರಿಂದ ಆ ಎಂಜಿನ್‌ಗಳ ಸಂಪೀಡನವನ್ನು ತಗ್ಗಿಸಿರುತ್ತಾರೆ. ಹಾಗಾಗಿ ಅಷ್ಟೇ ಗಾತ್ರದ ಸಿಲಿಂಡರಿನಿಂದ ಪೆಟ್ರೋಲ್ ಎಂಜಿನ್ನಿಗಿಂತ ಕಡಿಮೆ ಶಕ್ತಿ ದೊರೆಯುತ್ತದೆ. ಹಳೆಯ ಎಂಜಿನ್ ಕಣ್ಣಿಗೆ ದೊಡ್ಡದಾಗಿತ್ತೆಂಬ ಕಾರಣಕ್ಕೆ ಹೊಸದೂ ಅಷ್ಟೇ ದೊಡ್ಡದಿರಬೇಕಾಗಿಲ್ಲ. ನಾಲ್ಕು ಸ್ಟ್ರೋಕ್ ಎಂಜಿನ್ ಅದೇ ಕೆಲಸಕ್ಕೆ ಕಡಿಮೆ ಇಂಧನ ಕುಡಿಯುವುದರಿಂದ ಹೊತ್ತೊಯ್ಯಬೇಕಾದ ಎಣ್ಣೆಯೂ ತಗ್ಗುತ್ತದೆ. ಉದಾಹರಣೆಗೆ, ಹಿಂದೆ 30 ಲೀಟರ್ ಸೀಮೆಎಣ್ಣೆ ಒಯ್ಯುತ್ತಿದ್ದ ದೋಣಿಗೆ ಅದೇ ದೂರಕ್ಕೆ 20 ಲೀಟರ್ ಪೆಟ್ರೋಲ್ ಸಾಕಾದರೆ, 24 ಕಿಲೋ ಇದ್ದ ಇಂಧನದ ಭಾರ 15 ಕಿಲೋಗೆ ಇಳಿಯುತ್ತದೆ. ಎಂಜಿನ್ನಿನಲ್ಲಿ ಏರಿದ ತೂಕದ ಬಹುಪಾಲು ಅಲ್ಲಿಯೇ ಹಿಂದಕ್ಕೆ ಬರುತ್ತದೆ. ಆದರೆ ವಾಡಿಕೆಯಂತೆ ಹಳೆಯ ಕ್ಯಾನುಗಳನ್ನೇ ತುಂಬಿ ಒಯ್ದರೆ ಈ ಲಾಭ ಕೈಗೆ ಬರುವುದಿಲ್ಲ.

ತೂಕಕ್ಕಿಂತ ತೂಕದ ಜಾಗ

ಆರು ಮೀಟರ್ ಉದ್ದದ, ಒಂದೂಕಾಲು ಮೀಟರ್ ಅಗಲದ ಒಂದು ದೋಣಿಯನ್ನು ಎಣಿಸಿಕೊಳ್ಳಬಹುದು. ನಡುವೆ 15 ಕಿಲೋದ ಚೀಲವಿಟ್ಟರೆ ಆ ದೋಣಿ ಅರ್ಧ ಸೆಂಟಿಮೀಟರ್ ಕೂಡ ಕುಸಿಯುವುದಿಲ್ಲ. ಅದೇ ಚೀಲವನ್ನು ಹಿಂಬದಿಯ ಹಲಗೆಗೆ ತೂಗುಹಾಕಿದರೆ ಹಿಂಭಾಗ ಸುಮಾರು ಒಂದೂವರೆ ಸೆಂಟಿಮೀಟರ್ ಇಳಿಯುತ್ತದೆ, ಮೂತಿ ಅಷ್ಟೇ ಏಳುತ್ತದೆ. ಕಾರಣ, ದೋಣಿ ತಕ್ಕಡಿಯ ಕೋಲಿನಂತೆ ವರ್ತಿಸುತ್ತದೆ. ತೂಕವನ್ನು ನಡುವಿನಿಂದ ಅದಿರುವ ದೂರದಿಂದ ಗುಣಿಸಬೇಕು. ಮೂರು ಮೀಟರ್ ಹಿಂದಿರುವ 15 ಕಿಲೋದ ಪ್ರಭಾವ 45. ಅದೇ ದೋಣಿಯಲ್ಲಿ 65 ಕಿಲೋ ತೂಕದ ಮನುಷ್ಯನೊಬ್ಬ ಒಂದು ಮೀಟರ್ ಮುಂದೆ ಸರಿದು ಕುಳಿತರೆ ಅದರ ಪ್ರಭಾವ 65.

ಈ ಲೆಕ್ಕದಿಂದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದಾಗಿ, ಎಂಜಿನ್ನಿನ ಹತ್ತು ಹದಿನೈದು ಕಿಲೋದ ಹೆಚ್ಚಳವೊಂದೇ ದೋಣಿಯನ್ನು ಮುಳುಗಿಸುವುದಿಲ್ಲ; ಹಾಗೆಂದು ಹೆದರಿಸುವುದು ಸರಿಯಲ್ಲ. ಎರಡನೆಯದಾಗಿ, ಅಪಾಯ ಬರುವುದು ಕೂಡಿಕೆಯಿಂದ. 26 ಕಿಲೋದ ಹಳೆಯ ಎಂಜಿನ್ನಿನ ಜಾಗಕ್ಕೆ 50 ಕಿಲೋದ್ದು ಬರುತ್ತದೆ. ಎಂಜಿನ್ ದೊಡ್ಡದೆಂದು ಇಂಧನದ ಕ್ಯಾನು ಎರಡಾಗುತ್ತದೆ, ಮತ್ತು ಕೊಳವೆ ಗಿಡ್ಡವಿರುವುದರಿಂದ ಎರಡೂ ಹಿಂಭಾಗದಲ್ಲಿಯೇ ಕೂರುತ್ತವೆ. ಎಂಜಿನ್ ಹಿಡಿಯುವವನು ಅಲ್ಲಿಯೇ ಕುಳಿತಿರುತ್ತಾನೆ. ಬಲೆ ಎಳೆದ ಮೇಲೆ ನೀರು ಸುರಿಯುವ ಬೀಡುಬಲೆಯ ರಾಶಿಯೂ, ಬಂಗುಡೆ ತುಂಬಿದ ಬುಟ್ಟಿಗಳೂ ಜಾಗವಿದ್ದ ಕಡೆ ಬೀಳುತ್ತವೆ. ಒಂದೊಂದೂ ಎರಡು ಮೂರು ಸೆಂಟಿಮೀಟರ್ ಇಳಿಸಿದರೂ, ಧಕ್ಕೆಯಲ್ಲಿ ಒಂದೂಕಾಲು ಅಡಿ ನೀರಿನ ಮೇಲಿದ್ದ ಹಿಂಬದಿಯ ಅಂಚು ಮರಳುವ ಹೊತ್ತಿಗೆ ಮುಕ್ಕಾಲು ಅಡಿಗೆ ಬಂದಿರುತ್ತದೆ.

ದೋಣಿಯೊಳಗೆ ಸೇರುವ ನೀರು ಈ ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತದೆ. ಹಿಂಭಾಗ ತಗ್ಗಿದ ದೋಣಿಯಲ್ಲಿ ನೀರು ನಡುವೆ ನಿಲ್ಲದೆ ಹಿಂದಕ್ಕೇ ಹರಿದು ಎಂಜಿನ್ನಿನ ಬುಡದಲ್ಲಿ ಸಂಗ್ರಹವಾಗುತ್ತದೆ. ಎರಡು ಬಕೆಟ್ ನೀರೆಂದರೆ ಮೂವತ್ತು ಕಿಲೋ. ಫೈಬರ್ ದೋಣಿಗಳ ಹಿಂಬದಿಯಲ್ಲಿ ನೀರು ಹೊರಹೋಗಲು ಬಿಟ್ಟ ರಂಧ್ರಗಳು ಭಾರದಿಂದ ನೀರಿನ ಮಟ್ಟಕ್ಕಿಂತ ಕೆಳಗಿಳಿದರೆ, ಅದೇ ರಂಧ್ರಗಳಿಂದ ನೀರು ಒಳಗೆ ಬರಲಾರಂಭಿಸುತ್ತದೆ.

ನೀರು ಹಿಂದಿನಿಂದ ನುಗ್ಗುವುದು ಸಾಮಾನ್ಯವಾಗಿ ಮೂರು ಸಂದರ್ಭಗಳಲ್ಲಿ. ವೇಗವಾಗಿ ಬರುತ್ತಿದ್ದ ದೋಣಿಯ ಎಂಜಿನ್ನನ್ನು ಬಲೆಯ ಬೋಯ್ ಬಳಿ ಥಟ್ಟನೆ ಇಳಿಸಿದಾಗ, ದೋಣಿಯೇ ಎಬ್ಬಿಸಿದ ಅಲೆ ಬೆನ್ನಟ್ಟಿ ಬಂದು ತಗ್ಗಿದ ಹಲಗೆಯ ಮೇಲಿಂದ ಒಳಗೆ ಬೀಳುತ್ತದೆ. ಅಳಿವೆಯನ್ನು ದಾಟಿ ಒಳಗೆ ಬರುವಾಗ ಹಿಂದಿನ ಅಲೆ ದೋಣಿಗಿಂತ ವೇಗವಾಗಿದ್ದರೆ ಅದೂ ಹಾಗೆಯೇ ನುಗ್ಗುತ್ತದೆ. ಮೂರನೆಯದು ಎಲ್ಲಕ್ಕಿಂತ ಅಪಾಯಕರವಾದರೂ ಹೆಚ್ಚು ಗಮನಕ್ಕೆ ಬಾರದ್ದು: ಫ್ಯಾನಿಗೆ ಬಲೆ ಸುತ್ತಿಕೊಂಡಾಗ. ಆಗ ಎಂಜಿನ್ ನಿಂತಿರುತ್ತದೆ, ದೋಣಿ ಅಲೆಗೆ ಅಡ್ಡ ತಿರುಗಿರುತ್ತದೆ, ಬಲೆ ಬಿಡಿಸಲು ಇಬ್ಬರು ಒಟ್ಟಿಗೆ ಹಿಂಬದಿಗೆ ಬಾಗುತ್ತಾರೆ. 130 ಕಿಲೋ ಮನುಷ್ಯರ ತೂಕ ಎಂಜಿನ್ನಿನ ಭಾರಕ್ಕೆ ಸೇರುತ್ತದೆ. ಭಾರವಾದ ಎಂಜಿನ್ ಇರುವ ದೋಣಿಯಲ್ಲಿ ಈ ಕೆಲಸಕ್ಕೆ ಒಬ್ಬನೇ ಹೋಗತಕ್ಕದ್ದು. ಉಳಿದವರು ಮೂತಿಯ ಕಡೆಗೆ ಸರಿದು ಕೂರತಕ್ಕದ್ದು.

2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡ ದುರಂತವನ್ನು ಕಾರವಾರ ಮರೆತಿಲ್ಲ. ಅದು ಮೀನುಗಾರಿಕೆಯ ದೋಣಿಯ ಪ್ರಕರಣವಲ್ಲ, ಅಲ್ಲಿದ್ದುದು ಜನರ ಭಾರ. ಆದರೂ ತುಂಬಿದ ದೋಣಿಗೂ ಅಲೆಗೂ ನಡುವೆ ಉಳಿದಿರುವ ಅಂತರ ಎಷ್ಟು ಕಿರಿದು ಎಂಬುದು ದಡಕ್ಕೆ ಅಷ್ಟು ಸಮೀಪದ ಆ ನೀರಿನಲ್ಲಿಯೇ ಕಂಡುಬಂದಿತು.

ಹೆಚ್ಚು ಶಕ್ತಿಯಿಂದ ಹೆಚ್ಚು ವೇಗವೇ?

ದೊಡ್ಡ ಎಂಜಿನ್ ಕೊಳ್ಳುವವರ ಮುಖ್ಯ ವಾದ, ಬೇಗ ಹೋಗಿ ಬೇಗ ಬರಬಹುದೆಂಬುದು. ನೀರನ್ನು ಸೀಳಿಕೊಂಡು ಹೋಗುವ ಆಳವಾದ ಒಡಲಿನ ದೋಣಿಗೆ ಈ ಮಾತು ಒಂದು ಮಿತಿಯವರೆಗೆ ಮಾತ್ರ ಸತ್ಯ. ಅಂತಹ ದೋಣಿಯ ವೇಗ ಅದರ ನೀರಿನ ಮಟ್ಟದ ಉದ್ದಕ್ಕೆ ಕಟ್ಟುಬಿದ್ದಿದೆ. ಆರು ಮೀಟರ್ ದೋಣಿಗೆ ಅದು ಸುಮಾರು ಆರು ನಾಟ್, ಅಂದರೆ ಗಂಟೆಗೆ ಹನ್ನೊಂದು ಕಿಲೋಮೀಟರ್. ಒಳಗಿನ ಭಾರವೆಲ್ಲ ಸೇರಿ ಒಂದು ಟನ್ ಮೀರದ ದೋಣಿಯನ್ನು ಆ ವೇಗಕ್ಕೆ ತರಲು ಎಂಟು ಹತ್ತು ಅಶ್ವಶಕ್ತಿ ಧಾರಾಳ. ಅದರಾಚೆಗೆ ಕೊಟ್ಟ ಶಕ್ತಿ ದೋಣಿಯನ್ನು ಮುಂದಕ್ಕೆ ತಳ್ಳುವ ಬದಲು ಹಿಂಭಾಗವನ್ನು ನೀರಿನೊಳಕ್ಕೆ ಒತ್ತುತ್ತದೆ. ಮೂತಿ ಏಳುತ್ತದೆ, ಹಿಂದೆ ದೊಡ್ಡ ಅಲೆ ಏಳುತ್ತದೆ, ಪೆಟ್ರೋಲ್ ಉರಿಯುತ್ತದೆ. ಮೊದಲೇ ಭಾರದಿಂದ ತಗ್ಗಿದ ಹಿಂಭಾಗ ವೇಗದಿಂದ ಇನ್ನಷ್ಟು ತಗ್ಗುತ್ತದೆ. ಚಪ್ಪಟೆ ತಳದ ಹಗುರ ಫೈಬರ್ ದೋಣಿಗಳು ನೀರಿನ ಮೇಲೆ ಎದ್ದು ಜಾರಬಲ್ಲವು, ಅವುಗಳ ಲೆಕ್ಕ ಬೇರೆ. ಆದರೆ ಬಲೆ ಮತ್ತು ಮೀನು ತುಂಬಿದ ಮೇಲೆ ಅವೂ ಸೀಳಿಕೊಂಡು ಹೋಗುವ ದೋಣಿಗಳೇ ಆಗುತ್ತವೆ.

ಶಕ್ತಿಯ ಪ್ರಶ್ನೆಗೆ ಕಾನೂನಿನ ಮುಖವೂ ಇದೆ. ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ, 1986ರ ಅಡಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮಳೆಗಾಲದ ನಿಷೇಧ ಜಾರಿಯಲ್ಲಿರುವಾಗ, ಸಾಂಪ್ರದಾಯಿಕ ನಾಡದೋಣಿಗಳಿಗೂ 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ದೋಣಿಗಳಿಗೂ ವಿನಾಯಿತಿ ಇರುತ್ತದೆ. 9.9 ಬಿಟ್ಟು 15ಕ್ಕೆ ಹೋದ ಸಣ್ಣ ದೋಣಿಯವರು ತೂಕವನ್ನು ಹೆಚ್ಚಿಸಿಕೊಳ್ಳುವುದಲ್ಲದೆ, ತಾರ್ಲೆ ಮತ್ತು ಸಿಗಡಿ ದಡದ ಸಮೀಪ ಸಿಗುವ ಆ ಎರಡು ತಿಂಗಳ ದುಡಿಮೆಯನ್ನೂ ಕಳೆದುಕೊಳ್ಳುತ್ತಾರೆ.

ಕೊಳ್ಳುವ ಮೊದಲು ಧಕ್ಕೆಯಲ್ಲಿ ಒಂದು ಪರೀಕ್ಷೆ

ಈ ಪರೀಕ್ಷೆಗೆ ಹಣದ ಖರ್ಚಿಲ್ಲ, ಅರ್ಧ ದಿನ ಸಾಕು. ಹಳೆಯ ಎಂಜಿನ್ನನ್ನು ಕಳಚಿ, ಕೊಳ್ಳಬೇಕೆಂದಿರುವ ಎಂಜಿನ್ನಿನಷ್ಟೇ ತೂಕದ ನೀರಿನ ಕ್ಯಾನುಗಳನ್ನು ಅದೇ ಹಲಗೆಗೆ ಗಟ್ಟಿಯಾಗಿ ಕಟ್ಟಬೇಕು. ಇಪ್ಪತ್ತು ಲೀಟರಿನ ತುಂಬಿದ ಕ್ಯಾನು ಎಂದರೆ ಇಪ್ಪತ್ತೊಂದು ಕಿಲೋ ಎಂದು ಹಿಡಿಯಬಹುದು. ಅನಂತರ ಎಂದಿನಂತೆ ಇಂಧನ, ಬಲೆ, ಐಸ್ ಪೆಟ್ಟಿಗೆ, ಎಂದಿನಷ್ಟೇ ಜನ. ಹಿಂಭಾಗ, ನಡು ಮತ್ತು ಮೂತಿಯಲ್ಲಿ ನೀರು ಮುಟ್ಟುವ ಗೆರೆಯನ್ನು ಸೀಮೆಸುಣ್ಣದಿಂದ ಗುರುತಿಸಬೇಕು. ಒಳ್ಳೆಯ ದಿನದ ಮೀನಿಗೆ ಸಮನಾಗಿ ಮರಳಿನ ಚೀಲಗಳನ್ನಿಟ್ಟು ಎರಡನೆಯ ಗೆರೆ ಹಾಕಬೇಕು. ಕೊನೆಗೆ ಇಬ್ಬರು ಒಟ್ಟಿಗೆ ಹಿಂಬದಿಗೆ ನಡೆದು ಬಾಗಿ ನೋಡಬೇಕು. ಆ ಕ್ಷಣದಲ್ಲಿ ಹಿಂಬದಿಯ ಅತಿ ತಗ್ಗಿನ ಅಂಚಿಗೂ ನೀರಿಗೂ ನಡುವೆ ಒಂದು ಗೇಣಿಗಿಂತ ಕಡಿಮೆ ಉಳಿದರೆ ಆ ಎಂಜಿನ್ ಆ ದೋಣಿಗೆ ತಕ್ಕುದಲ್ಲವೆಂದು ತಿಳಿಯುವುದು ವಿವೇಕ. ಶಾಂತ ನೀರಿನಲ್ಲಿ ಒಂದು ಗೇಣು ಎಂಬುದು ಸಣ್ಣ ಅಲೆಯೊಂದಕ್ಕೂ ಸಾಲದ ಎತ್ತರ.

ಎರಡೂ ತುದಿ ಚೂಪಾಗಿರುವ ದೋಣಿಗಳಲ್ಲಿ ಹಿಂಬದಿಯ ಹಲಗೆಯೇ ಇರುವುದಿಲ್ಲ. ಎಂಜಿನ್ನನ್ನು ಪಕ್ಕಕ್ಕೆ ಚೌಕಟ್ಟು ಕಟ್ಟಿ ಕೂರಿಸುತ್ತಾರೆ. ಅಲ್ಲಿ ಹಿಂದಕ್ಕೆ ತಗ್ಗುವುದರ ಜೊತೆಗೆ ಒಂದು ಬದಿಗೆ ವಾಲುವುದನ್ನೂ ನೋಡಬೇಕು. ಪಕ್ಕದಲ್ಲಿ ತೇಲುದಿಮ್ಮಿ ಕಟ್ಟಿದ ದೋಣಿಗಳಲ್ಲಿ ದಿಮ್ಮಿ ಯಾವ ಬದಿಗಿದೆ, ಎಂಜಿನ್ನಿನ ಭಾರದಿಂದ ಅದು ನೀರನ್ನು ಬಿಟ್ಟು ಏಳುತ್ತಿದೆಯೇ ಎಂಬುದನ್ನು ಪರೀಕ್ಷಿಸದೆ ಎಂಜಿನ್ ಬದಲಿಸುವುದು ತರವಲ್ಲ.

ಈಗಾಗಲೇ ಕೊಂಡಿದ್ದರೆ

ಭಾರವಾದ ಎಂಜಿನ್ನನ್ನು ಸಾಲ ಮಾಡಿ ಕೊಂಡಾದ ಮೇಲೆ ಅದನ್ನು ಬಿಟ್ಟುಬಿಡಿ ಎಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಅಂತಹವರು ಮೊದಲು ಮಾಡಬೇಕಾದುದು ಎಂಜಿನ್ ಬಿಟ್ಟು ಉಳಿದೆಲ್ಲ ಭಾರವನ್ನು ಮುಂದಕ್ಕೆ ತರುವುದು. ಇಂಧನದ ಕ್ಯಾನನ್ನು ಹಿಂಭಾಗದಿಂದ ತೆಗೆದು ದೋಣಿಯ ನಡುವಿಗಿಂತ ಒಂದು ಮೀಟರ್ ಮುಂದಿಟ್ಟರೆ, ಇಪ್ಪತ್ತು ಕಿಲೋದ ಕ್ಯಾನು ಮೂರು ಮೀಟರಿನಷ್ಟು ಸರಿದಂತಾಯಿತು, ಪ್ರಭಾವ 60. ಹದಿನೈದು ಕಿಲೋ ಹೆಚ್ಚಾದ ಎಂಜಿನ್ನಿನ ಪ್ರಭಾವವಾದ 45ನ್ನು ಅದೊಂದೇ ಅಳಿಸಿಹಾಕುತ್ತದೆ. ಇದಕ್ಕೆ ಬೇಕಾದುದು ಉದ್ದವಾದ ಇಂಧನ ಕೊಳವೆ ಮಾತ್ರ. ಕೊಳವೆ ಪೆಟ್ರೋಲಿಗೆಂದೇ ತಯಾರಾದದ್ದಿರಬೇಕು, ಕಾಲಿಗೆ ಸಿಗದಂತೆ ಬದಿಗೆ ಬಿಗಿದಿರಬೇಕು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಹೋಗುವಾಗ ತುಂಬಿದ್ದ ಕ್ಯಾನು ಬರುವಾಗ ಬರಿದಾಗಿರುತ್ತದೆ. ಮುಂದಿನ ಭಾರ ಕರಗುತ್ತದೆ, ಹಿಂದಿನ ಎಂಜಿನ್ ಹಾಗೆಯೇ ಇರುತ್ತದೆ. ಅಳಿವೆ ದಾಟುವ ಕಠಿಣ ಗಳಿಗೆ ಬರುವುದು ಆಗಲೇ. ಆದ್ದರಿಂದ ಹಿಡಿದ ಮೀನನ್ನೂ ಐಸ್ ಪೆಟ್ಟಿಗೆಯನ್ನೂ ನಡುವಿಗಿಂತ ಮುಂದಿಡುವ ರೂಢಿಯನ್ನು ತಾಂಡೇಲ ಮೊದಲೇ ಮಾಡಿಸಬೇಕು. ಆದರೆ ಎಲ್ಲವನ್ನೂ ಮೂತಿಗೇ ತಳ್ಳಬಾರದು. ಮೂತಿ ತಗ್ಗಿದ ದೋಣಿ ಅಲೆಯ ಇಳಿಜಾರಿನಲ್ಲಿ ನೀರಿಗೆ ಮೂಗು ಚುಚ್ಚಿ ಅಡ್ಡ ತಿರುಗುತ್ತದೆ, ಫ್ಯಾನು ನೀರಿನಿಂದ ಮೇಲೆದ್ದು ಹಿಡಿತ ಬಿಡುತ್ತದೆ. ಎರಡನೆಯ ಎಚ್ಚರಿಕೆ ಬೆಂಕಿಯದು. ಸೀಮೆಎಣ್ಣೆಯ ಜೊತೆ ಬೆಳೆದ ಕೈಗಳು ಪೆಟ್ರೋಲನ್ನು ಅದೇ ಸಲುಗೆಯಿಂದ ಮುಟ್ಟುತ್ತವೆ. ಪೆಟ್ರೋಲಿನ ಆವಿ ಎಂತಹ ತಂಪಿನಲ್ಲಿಯೂ ಏಳುತ್ತದೆ, ಗಾಳಿಗಿಂತ ಭಾರವಾಗಿರುವುದರಿಂದ ದೋಣಿಯ ತಳದಲ್ಲಿಯೇ ಕೂರುತ್ತದೆ. ಮೂತಿಯ ಮುಚ್ಚಿದ ಗೂಡಿನಲ್ಲಿ ಕ್ಯಾನು ಇಡಬಾರದು. ಬೀಡಿ, ಒಲೆ ಅದರ ಹತ್ತಿರ ಸುಳಿಯಬಾರದು.

ಮುಂದಿನ ಉಪಾಯ ಎಂಜಿನ್ ಹಿಡಿಯುವವನನ್ನೇ ಮುಂದಕ್ಕೆ ತರುವುದು. ಹ್ಯಾಂಡಲಿಗೆ ಉದ್ದನೆಯ ಕೊಳವೆಯ ವಿಸ್ತರಣೆ ಜೋಡಿಸಿದರೆ ಆತ ಮುಕ್ಕಾಲು ಮೀಟರಿನಿಂದ ಒಂದು ಮೀಟರ್ ಮುಂದೆ ಕುಳಿತು ನಡೆಸಬಲ್ಲ. ಬೈಕಿನಂತೆ ತಿರುಗಿಸಿ ವೇಗ ಹೆಚ್ಚಿಸುವ ಹ್ಯಾಂಡಲಾದ್ದರಿಂದ ವಿಸ್ತರಣೆ ಜಾರದಂತೆ ಬಿಗಿಯಾಗಿರಬೇಕು. ಸಡಿಲ ಪ್ಲಾಸ್ಟಿಕ್ ಕೊಳವೆಯನ್ನು ತುರುಕಿ ಹಗ್ಗ ಸುತ್ತುವುದು ಅಳಿವೆಯ ನಡುವೆ ಕೈಕೊಡುವ ವ್ಯವಸ್ಥೆ. ಹೆಚ್ಚಿನ ಹೊಸ ಎಂಜಿನ್‌ಗಳ ಜೊತೆ ಬರುವ ಕೆಂಪು ಸುರುಳಿ ದಾರವನ್ನು, ಎಳೆದೊಡನೆ ಎಂಜಿನ್ ನಿಲ್ಲಿಸುವ ಆ ದಾರವನ್ನು, ಅನೇಕರು ಮೊದಲ ದಿನವೇ ಕಳಚಿ ಮನೆಯಲ್ಲಿಡುತ್ತಾರೆ. ಅದು ಕೈಗೋ ಸೊಂಟಕ್ಕೋ ಕಟ್ಟಿರಬೇಕಾದ ವಸ್ತು. ನಡೆಸುವವನು ನೀರಿಗೆ ಬಿದ್ದರೆ ದೋಣಿ ತಿರುಗಿ ಬಂದು ಫ್ಯಾನು ಅವನ ಮೇಲೆಯೇ ಹರಿಯುವುದನ್ನು ತಡೆಯುವುದು ಅದೊಂದೇ.

ಎಂಜಿನ್ನನ್ನು ಹಲಗೆಯಿಂದ ಇನ್ನೂ ಹಿಂದಕ್ಕೆ, ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿ ದೋಣಿಯೊಳಗೆ ಜಾಗ ಮಾಡಿಕೊಳ್ಳುವ ಪದ್ಧತಿಯುಂಟು. ಸಣ್ಣ ದೋಣಿಗೆ ಇದು ಸಲ್ಲದು. ನಲವತ್ತು ಸೆಂಟಿಮೀಟರ್ ಹಿಂದಕ್ಕೆ ಹೋದ ಐವತ್ತು ಕಿಲೋದ ಎಂಜಿನ್ ಏಳು ಕಿಲೋ ಹೆಚ್ಚು ತೂಗಿದಂತೆ ವರ್ತಿಸುತ್ತದೆ, ಅದರ ಮೇಲೆ ಚೌಕಟ್ಟಿನ ತೂಕ ಬೇರೆ.

ಹಿಂಬದಿಯ ಹಲಗೆಯ ಬಗ್ಗೆ ವಿಶೇಷ ಗಮನ ಬೇಕು. ಇಪ್ಪತ್ತಾರು ಕಿಲೋದ ಎಂಜಿನ್ನಿಗೆಂದು ಕಟ್ಟಿದ ಹಲಗೆಗೆ ಐವತ್ತು ಕಿಲೋದ್ದು ಬಂದಾಗ ಕೇವಲ ನಿಂತ ಭಾರವಲ್ಲ, ಪ್ರತಿ ಅಲೆಗೆ ದೋಣಿ ಕುಕ್ಕಿದಾಗಲೂ ಅದರ ಹಲವು ಪಟ್ಟು ಸೆಳೆತ ಹಲಗೆಯ ಬುಡಕ್ಕೆ ಬೀಳುತ್ತದೆ. ಫೈಬರ್ ದೋಣಿಗಳಲ್ಲಿ ಹೊರಗಿನ ಪದರ ಹೊಳೆಯುತ್ತಿದ್ದರೂ ಒಳಗಿನ ಪ್ಲೈವುಡ್ ಹಳೆಯ ಬೋಲ್ಟ್ ರಂಧ್ರಗಳಿಂದ ನೀರು ಕುಡಿದು ಕೊಳೆತಿರಬಹುದು. ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದಾಗ ಟಣ್ ಎನ್ನದೆ ಮಂದವಾದ ಸದ್ದು ಬಂದರೆ, ಅಥವಾ ಎಂಜಿನ್ನನ್ನು ಹಿಡಿದು ಅಲುಗಾಡಿಸಿದಾಗ ಹಲಗೆ ಬಾಗಿದರೆ, ಹೊಸ ಎಂಜಿನ್ ಕೂರಿಸುವ ಮೊದಲು ಹಲಗೆ ಬದಲಿಸಬೇಕು. ಗಟ್ಟಿಯಿರುವ ಹಲಗೆಗೂ ಒಳಗೆ ಹೊರಗೆ ಅಗಲವಾದ ಮರದ ಅಥವಾ ಲೋಹದ ತಟ್ಟೆ ಕೊಟ್ಟು, ಅವನ್ನು ಆರಪಾರು ಬೋಲ್ಟಿನಿಂದ ಬಿಗಿದು, ರಂಧ್ರಗಳಿಗೆ ನೀರು ಸೇರದಂತೆ ಅಂಟು ತುಂಬಬೇಕು. ಎಂಜಿನ್ನಿನ ತಿರುಪುಗಳು ಅದುರಿಗೆ ಸಡಿಲವಾಗುತ್ತವೆ. ಅವನ್ನು ಪ್ರತಿದಿನ ಬಿಗಿದು, ಎಂಜಿನ್ನನ್ನು ಸರಪಳಿಯಿಂದಲೋ ಗಟ್ಟಿ ಹಗ್ಗದಿಂದಲೋ ದೋಣಿಗೆ ಬೇರೆಯಾಗಿ ಕಟ್ಟಿರಬೇಕು. ಶಾಫ್ಟಿನ ಉದ್ದವೂ ಹಲಗೆಯ ಎತ್ತರಕ್ಕೆ ಹೊಂದಬೇಕು: ಗಿಡ್ಡ ಶಾಫ್ಟಿಗೆ ಸುಮಾರು 38 ಸೆಂಟಿಮೀಟರ್, ಉದ್ದ ಶಾಫ್ಟಿಗೆ ಸುಮಾರು 51. ಗಿಡ್ಡ ಶಾಫ್ಟ್ ಮಾತ್ರ ಸಿಕ್ಕಿತೆಂದು ಹಲಗೆಯನ್ನು ಕಡಿದು ತಗ್ಗಿಸಿಕೊಳ್ಳುವುದು ನೀರಿಗೆ ಬಾಗಿಲು ತೆರೆದಂತೆ.

ನೀರು ತುಂಬಿದ ದೋಣಿಯನ್ನು ಭಾರವಾದ ಎಂಜಿನ್ ಹಿಂಭಾಗದಿಂದ ಕೆಳಕ್ಕೆಳೆಯುತ್ತದೆ. ಮೂತಿ ಮಾತ್ರ ನೀರಿನ ಮೇಲೆ ನಿಲ್ಲುತ್ತದೆ, ಹಿಡಿದುಕೊಳ್ಳಲು ಜನರಿಗೆ ಆಸರೆಯಿರುವುದಿಲ್ಲ. ಹಿಂಬದಿಯ ಆಸನದ ಕೆಳಗೆ ಬಿರಡೆ ಬಿಗಿದ ಮೂರು ಖಾಲಿ ಇಪ್ಪತ್ತು ಲೀಟರ್ ಕ್ಯಾನುಗಳನ್ನು ಮೇಲಕ್ಕೆ ಕಿತ್ತುಬರದಂತೆ ಕಟ್ಟಿದರೆ ಐವತ್ತು ಕಿಲೋಗೂ ಮಿಗಿಲಾದ ಎತ್ತುವ ಬಲ ದೊರೆಯುತ್ತದೆ. ಐವತ್ತು ಕಿಲೋದ ಎಂಜಿನ್ನಿಗೆ ಅದು ಸಾಕು. ಇಷ್ಟು ಅಗ್ಗದ ರಕ್ಷಣೆ ಬೇರೆ ಇಲ್ಲ. ಆ ಕ್ಯಾನುಗಳಲ್ಲಿ ಕುಡಿಯುವ ನೀರನ್ನೋ ಪೆಟ್ರೋಲನ್ನೋ ತುಂಬಬಾರದೆಂಬುದನ್ನು ಮಾತ್ರ ನೆನಪಿಡಬೇಕು. ಜೀವರಕ್ಷಕ ಜಾಕೆಟ್ ಇದಕ್ಕೆ ಬದಲಲ್ಲ, ಇದು ಜಾಕೆಟ್ಟಿಗೆ ಬದಲಲ್ಲ.

ದಂಡೆಗೆ ಎಳೆಯುವ ದೋಣಿಗಳಲ್ಲಿ ಎಂಜಿನ್ನನ್ನು ದಿನವೂ ಕಳಚಿ ಹೊರಬೇಕು. ಐವತ್ತು ಕಿಲೋದ ಎಂಜಿನ್ನನ್ನು ಮೊಣಕಾಲು ನೀರಿನಲ್ಲಿ ಒಬ್ಬನೇ ಎತ್ತುವುದು ಸೊಂಟಕ್ಕೆ ಪೆಟ್ಟು ಮಾಡಿಕೊಳ್ಳುವ ದಾರಿ. ಇಬ್ಬರು ಹೆಗಲು ಕೊಟ್ಟು ಬಿದಿರಿಗೆ ಕಟ್ಟಿ ಒಯ್ಯುವುದು ಲೇಸು. ನಾಲ್ಕು ಸ್ಟ್ರೋಕ್ ಎಂಜಿನ್ನನ್ನು ಎರಡು ಸ್ಟ್ರೋಕಿನಂತೆ ಬೇಕಾದ ಮಗ್ಗುಲಿಗೆ ಮಲಗಿಸುವಂತಿಲ್ಲ. ತಯಾರಕರು ಗುರುತು ಮಾಡಿದ ಮಗ್ಗುಲಿಗೇ ಮಲಗಿಸಬೇಕು. ಇಲ್ಲವಾದರೆ ತೊಟ್ಟಿಯ ಎಣ್ಣೆ ಸಿಲಿಂಡರಿಗೆ ಸೇರಿ ಮರುದಿನ ಬೆಳಗ್ಗೆ ಎಂಜಿನ್ ಚಾಲೂ ಆಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಧಕ್ಕೆಯ ಪರೀಕ್ಷೆಯಲ್ಲಿ ಒಂದು ಗೇಣು ಉಳಿಯದ ದೋಣಿಗಳಿರುತ್ತವೆ. ಅಂತಹ ಸಂದರ್ಭದಲ್ಲಿ ಎಂಜಿನ್ನನ್ನು ದೊಡ್ಡ ದೋಣಿಯಿರುವ ಬೇರೊಬ್ಬರೊಡನೆ ಅದಲುಬದಲು ಮಾಡಿಕೊಳ್ಳುವುದು ನಷ್ಟವೆಂದು ಕಂಡರೂ ಮಾಡತಕ್ಕ ಕೆಲಸ. ಸಹಾಯಧನ ಪಡೆದು ಕೊಂಡ ಎಂಜಿನ್ ಆಗಿದ್ದರೆ ಮಾರುವ ಅಥವಾ ಬದಲಿಸುವ ಮೊದಲು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬೇಕು. ಎಂಜಿನ್ ಬದಲಾದಾಗ ಅದರ ಸಂಖ್ಯೆ ಮತ್ತು ಅಶ್ವಶಕ್ತಿಯನ್ನು ದೋಣಿಯ ನೋಂದಣಿಯಲ್ಲಿಯೂ ವಿಮೆಯಿದ್ದರೆ ವಿಮೆಯಲ್ಲಿಯೂ ತಿದ್ದಿಸತಕ್ಕದ್ದು. ಸಮುದ್ರದಲ್ಲಿ ತೊಂದರೆಗೆ ಸಿಲುಕಿದವರು ಕರೆಯಬೇಕಾದ ಸಂಖ್ಯೆಗಳು: ಭಾರತೀಯ ತಟರಕ್ಷಕ ಪಡೆ 1554, ಕರಾವಳಿ ಕಾವಲು ಪೊಲೀಸ್ 1093.